ಊರು ಕಂಡೆವು, ಊರವರನ್ನು?

2025ರ ಬೇಸಗೆ ರಜೆಯಲ್ಲಿ ನನಗೆ ಪರಿಚಯವಿರುವ ಕುಟುಂಬವೊಂದು ಹಂಪಿ, ಆನೆಗುಂದಿ ಮತ್ತು ತುಂಗಭದ್ರಾ ಅಣೆಕಟ್ಟನ್ನು ನೋಡಿ ಬಂತು. ಟೆಂಪೊ ಟ್ರಾವೆಲರ್‌ನಲ್ಲಿ ಹದಿಮೂರು ಮಂದಿ. ಅಕ್ಕಿ, ಮಸಾಲೆ, ಗ್ಯಾಸ್ ಒಲೆ, ನೀರಿನ ಕ್ಯಾನ್, ಚಾಪೆ ಎಲ್ಲವೂ ಮನೆಯಿಂದಲೇ ಹೊರಟಿದ್ದವು. ಮರದ ನೆರಳು ಸಿಕ್ಕಲ್ಲಿ ನಿಲ್ಲಿಸಿ ಅಡುಗೆ ಮಾಡಿ ಉಂಡರು, ನಮಾಝ್ ನಿರ್ವಹಿಸಿದರು, ಮುಂದಕ್ಕೆ ಸಾಗಿದರು. ಮೂರನೆಯ ದಿನ ಕ್ಷೇಮವಾಗಿ ಕರಾವಳಿಗೆ ಮರಳಿದರು.

ಆ ಮನೆಯ ಹತ್ತು ವರ್ಷದ ಬಾಲಕನೊಡನೆ ಒಂದು ಸಂಜೆ ಮಾತಿಗೆ ಕುಳಿತೆ. ಕಲ್ಲಿನ ರಥದ ಚಕ್ರ ಎಷ್ಟು ದೊಡ್ಡದೆಂದು ಕೈಯಗಲಿಸಿ ತೋರಿಸಿದ. ಹರಿಗೋಲು ಗಿರ್ರನೆ ತಿರುಗಿದಾಗ ಅತ್ತೆ ಕಿರುಚಿದ್ದನ್ನು ಅಭಿನಯಿಸಿದ. ‘ಅಲ್ಲಿಯ ಜನ ಹೇಗಿದ್ದಾರೆ?’ ಎಂದು ಕೇಳಿದೆ. ಹುಡುಗ ತಬ್ಬಿಬ್ಬಾದ. ಸ್ವಲ್ಪ ಯೋಚಿಸಿ, ‘ಜನ ತುಂಬಾ ಇದ್ದರು, ರಶ್ ಇತ್ತು’ ಎಂದ.

ಇದು ಮಗುವಿನ ತಪ್ಪಲ್ಲ. ಜನರೆಂದರೆ ಫೋಟೋಗೆ ಅಡ್ಡ ಬರುವವರು ಎಂದು ಅವನಿಗೆ ಕಲಿಸಿದವರು ನಾವು. ನಮ್ಮ ಸಮುದಾಯದ ಮಧ್ಯಮ ವರ್ಗ ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟು ತಿರುಗಾಡುತ್ತಿದೆ. ಊಟಿಗೆ ಹೋಗುತ್ತೇವೆ, ಮುನ್ನಾರಿಗೆ ಹೋಗುತ್ತೇವೆ, ಅನುಕೂಲವಿದ್ದವರು ದುಬೈಗೂ ಹೋಗಿ ಬರುತ್ತಾರೆ. ಆದರೆ ಮನೆಯೆಂಬ ಕೋಣೆಗೆ ಚಕ್ರ ಕಟ್ಟಿ ಊರೂರು ಉರುಳಿಸಿಕೊಂಡು ಬರುವುದಕ್ಕೆ ಪ್ರವಾಸವೆನ್ನಬಹುದೇ? ಅದೇ ಸಾರು, ಅದೇ ಮಾತು, ಅದೇ ಮುಖಗಳು. ಕಿಟಕಿಯ ಆಚೆಗಿನ ದೃಶ್ಯ ಮಾತ್ರ ಬದಲಾಗಿರುತ್ತದೆ.

ಮದ್ರಸದಲ್ಲಿ ಸರ್ಫ್ ಎಂಬ ಒಂದು ಪಾಠವಿರುತ್ತದೆ. ಅರಬಿ ಕ್ರಿಯಾಪದಗಳು ರೂಪ ಬದಲಿಸಿದಂತೆ ಅರ್ಥ ಹೇಗೆ ಬದಲಾಗುತ್ತದೆಂಬುದನ್ನು ಬಾಯಿಪಾಠ ಮಾಡಿಸುವ ಪಾಠ. ಬಹಳಷ್ಟು ಮಕ್ಕಳಿಗೆ ನಿದ್ದೆ ಬರಿಸುವ ಪಾಠವೂ ಹೌದು. ಅಲ್ಲಿ ಕಲಿತ ಒಂದು ಸಂಗತಿ ನನಗೆ ಬಹಳ ತಡವಾಗಿ ಉಪಯೋಗಕ್ಕೆ ಬಂತು. ಕುರ್‌ಆನಿನ 49ನೆಯ ಅಧ್ಯಾಯದ 13ನೆಯ ಸೂಕ್ತವು ಮನುಷ್ಯರು ಜನಾಂಗಗಳಾಗಿ, ಗೋತ್ರಗಳಾಗಿ ಇರುವುದರ ಉದ್ದೇಶವನ್ನು ಹೇಳುವಾಗ ಬಳಸಿರುವುದು ‘ತಆರುಫ್’ ಎಂಬ ಪದದ ಮೂಲದಿಂದ ಬಂದ ಕ್ರಿಯಾಪದವನ್ನು. ಈ ರೂಪದ ಕ್ರಿಯೆ ಒಬ್ಬನಿಂದ ಪೂರ್ಣಗೊಳ್ಳದು. ನಾನು ನಿಮ್ಮನ್ನು ಅರಿತರೆ ಸಾಲದು, ನೀವೂ ನನ್ನನ್ನು ಅರಿಯಬೇಕು. ನೋಡುವುದು ಏಕಮುಖ, ಪರಿಚಯ ಉಭಯಮುಖ. ನಾವು ಪ್ರಬಂಧ ಸ್ಪರ್ಧೆಗಳಲ್ಲೂ ಸೌಹಾರ್ದ ಸಭೆಗಳಲ್ಲೂ ಈ ಸೂಕ್ತವನ್ನು ಧಾರಾಳವಾಗಿ ಉಲ್ಲೇಖಿಸುತ್ತೇವೆ, ಗಂಟುಮೂಟೆ ಕಟ್ಟುವಾಗ ಮಾತ್ರ ಮರೆತುಬಿಡುತ್ತೇವೆ.

ಹಿಂದಿನವರು ಹೀಗಿರಲಿಲ್ಲ. 14ನೇ ಶತಮಾನದ ಮಧ್ಯಭಾಗದಲ್ಲಿ ನಮ್ಮ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳ 13 ಹಾಗೂ ಗಂಡುಮಕ್ಕಳ 23 ಪಾಠಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ ಬರೆದಿದ್ದಾನೆ. ಹಡಗಿನ ಮೇಲಿನಿಂದ ಬಂದರನ್ನು ನೋಡಿ ಹೋದವನಿಗೆ ಈ ವಿವರ ಸಿಕ್ಕುತ್ತಿತ್ತೇ? ಅವನ ನಂತರ ಒಂದು ಶತಮಾನ ಕಳೆದು, 1443ರಲ್ಲಿ, ಹೆರಾತಿನ ಸುಲ್ತಾನ ಶಾರುಖ್‌ನ ರಾಯಭಾರಿ ಅಬ್ದುರ್ರಝಾಕ್ ಮಂಗಳೂರಿನ ಮೂಲಕ ಘಟ್ಟ ಹತ್ತಿ ತುಂಗಭದ್ರೆಯ ದಡದ ವಿಜಯನಗರಕ್ಕೆ ಬಂದ. ಎರಡನೆಯ ದೇವರಾಯನ ಆಸ್ಥಾನವನ್ನೂ ಕೋಟೆಯ ಸುತ್ತುಗಳನ್ನೂ ವರ್ಣಿಸಿದ ಆ ವಿದ್ವಾಂಸ, ಇಲ್ಲಿನ ಜನ ವೀಳ್ಯದೆಲೆಯನ್ನು ಹೇಗೆ ಮಡಿಸಿ ತಿನ್ನುತ್ತಾರೆ, ತಿಂದರೆ ಏನಾಗುತ್ತದೆ ಎಂಬುದಕ್ಕೂ ತನ್ನ ಗ್ರಂಥದಲ್ಲಿ ಜಾಗ ಕೊಟ್ಟ. ತಿಂದು ನೋಡದೆ ಬರೆದಿರಲಾರ ಎಂದು ನನ್ನ ಊಹೆ.

ಇಷ್ಟನ್ನು ಓದಿ ತಿಳಿದಿದ್ದ ನಾನು ಕೂಡಾ ಕೊಪ್ಪಳ ಜಿಲ್ಲೆಗೆ ಹೋದದ್ದು ಶಾಸನ ಮತ್ತು ಶಿಲ್ಪಗಳ ಪಟ್ಟಿ ಹಿಡಿದುಕೊಂಡೇ. ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ ಕೊಪ್ಪಳದ ಕೋಟೆ, ಕಿನ್ನಾಳದ ಮರದ ಬೊಂಬೆಗಳು. 2025ರ ಜುಲೈ ಮೊದಲ ವಾರ ಪತ್ನಿಯೊಡನೆ ಹುಬ್ಬಳ್ಳಿಯಿಂದ ಕುಷ್ಟಗಿಯ ರೈಲು ಹತ್ತಿದೆ. ಕುಷ್ಟಗಿಗೆ ರೈಲು ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಕುಕನೂರು, ಯಲಬುರ್ಗಾ ದಾಟುವಾಗ ಹೊಲದಲ್ಲಿ ಎಡೆ ಹೊಡೆಯುತ್ತಿದ್ದವರು ಎತ್ತು ನಿಲ್ಲಿಸಿ ರೈಲನ್ನು ನೋಡುತ್ತಿದ್ದರು. ನಾವು ಅವರನ್ನು ನೋಡುತ್ತಿದ್ದೆವು. ಅದುವರೆಗೂ ಎಲ್ಲವೂ ಏಕಮುಖವೇ.

ಕುಷ್ಟಗಿಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಂಡಾಳ ಒಗ್ಗರಣಿ ಮತ್ತು ಮಿರ್ಚಿ ತಿನ್ನುತ್ತಾ ನಾವಿಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತನಾಡುತ್ತಿದ್ದೆವು. ಪಕ್ಕದ ಬೆಂಚಿನಲ್ಲಿದ್ದ ಸುಮಾರು ನನ್ನದೇ ವಯಸ್ಸಿನ ವ್ಯಕ್ತಿ ತಿರುಗಿ ಕೇಳಿದರು.

‘ನೀವು ಮಂಗಳೂರು ಕಡೆಯವರೇನ್ರೀ ಸಾಬ್ರ?’

ಹೌದೆಂದೆ. ಅವರ ಮುಖ ಅರಳಿತು. ‘ಒಂಬತ್ತು ವರ್ಷ ಅಲ್ಲೇ ದುಡದೀನ್ರಿ. ಮಳಿಗಾಲಕ್ಕ ಕೆಲಸ ನಿಲ್ತೈತಿ, ಊರಿಗೆ ಬಂದು ಬಿತ್ತಿಗಿ ಮಾಡ್ಕೋತೀವಿ. ದೀಪಾವಳಿ ಆದ ಮ್ಯಾಲ ಮತ್ತ ಹೋಗೂದು.’ ಬಳಿಕ ತಾವು ಕಟ್ಟಿದ ಕಟ್ಟಡಗಳನ್ನು ಬೆರಳು ಮಡಿಸಿ ಎಣಿಸತೊಡಗಿದರು. ಅದರಲ್ಲೊಂದು ಮಸೀದಿಯ ಮಿನಾರ ಇತ್ತು. ನಾನು ಆ ಮಸೀದಿಯಲ್ಲಿ ನಮಾಝ್ ಮಾಡಿದ್ದೇನೆ. ಮತ್ತೊಂದು ವಸತಿ ಸಮುಚ್ಚಯ. ಅಲ್ಲಿ ನನ್ನ ಸೋದರತ್ತೆ ವಾಸವಾಗಿದ್ದಾರೆ.

‘ಅಲ್ಲಿ ಜನ ಹೇಗೆ?’ ಎಂದೆ. ಬಾಲಕನಿಗೆ ಕೇಳಿದ್ದ ಪ್ರಶ್ನೆಯೇ.

‘ಛಲೋ ಅದಾರ್ರಿ. ಪಗಾರ ಬರೋಬ್ಬರಿ ಕೊಡ್ತಾರ. ಊರು ಯಾವುದು ಅಂತ ಮಾತ್ರ ಯಾರೂ ಕೇಳಿದ್ದಿಲ್ಲ. ಎಲ್ಲಾರೂ ಬಿಜಾಪುರದವ ಬಿಜಾಪುರದವ ಅಂತಿದ್ರು. ನಾ ಬಿಜಾಪುರ ನೋಡೇ ಇಲ್ಲರಿ!’

ಅವರು ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ಏಕೆಂದರೆ ನಮ್ಮ ಮನೆಯ ಕಾಂಪೌಂಡ್ ಗೋಡೆ ಕಟ್ಟಿದ ನಾಲ್ವರನ್ನು ನಾನು ಕೂಡಾ ‘ಬಿಜಾಪುರದವರು’ ಎಂದೇ ಕರೆದಿದ್ದೆ. ಅವರು ಯಾವ ಊರಿನವರೆಂದು ಇಂದಿಗೂ ನನಗೆ ತಿಳಿಯದು.

ಈ ಜನ ನಮ್ಮ ಊರಿಗೇಕೆ ಬರುತ್ತಾರೆ ಎಂಬುದು ಜಿಲ್ಲೆಯನ್ನು ಸುತ್ತಿದರೆ ಅರ್ಥವಾಗುತ್ತದೆ. ಮುನಿರಾಬಾದಿನ ಅಣೆಕಟ್ಟಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿಯ ಕಡೆ ಸಾಗುತ್ತದೆ. ಅಲ್ಲಿ ಕಣ್ಣು ಹಾಯುವಷ್ಟೂ ಭತ್ತ, ರಸ್ತೆಯುದ್ದಕ್ಕೂ ಅಕ್ಕಿ ಗಿರಣಿಗಳು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಜೋಳ, ಸಜ್ಜೆ, ಹೆಸರು, ಕಡಲೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೊರಡುತ್ತಾರೆ. ಬೆಂಗಳೂರು, ಗೋವಾ, ಮಂಗಳೂರು. ಅಂದರೆ ಪ್ರವಾಸದ ಅರ್ಧ ಭಾಗವನ್ನು ಅವರು ಎಂದೋ ಮುಗಿಸಿದ್ದಾರೆ. ನಮ್ಮ ಬೀದಿ, ನಮ್ಮ ಹಬ್ಬ, ನಮ್ಮ ಮೀನಿನ ದರ ಅವರಿಗೆ ಗೊತ್ತಿದೆ. ಉಳಿದರ್ಧ ಬಾಕಿ ಇರುವುದು ನಮ್ಮ ಕಡೆಯಿಂದ.

ಬಸ್ ನಿಲ್ದಾಣದ ಆ ಗೆಳೆಯರು ನಮ್ಮನ್ನು ಬಿಡಲಿಲ್ಲ. ಯಲಬುರ್ಗಾ ತಾಲ್ಲೂಕಿನ ತಮ್ಮ ಹಳ್ಳಿಗೆ ಕರೆದೊಯ್ದರು. ಕಟ್ಟೆಯ ಬಳಿ ನಾವು ಹಿಂಜರಿದು ನಿಂತಾಗ ಅವರ ವೃದ್ಧ ತಾಯಿ ಒಳಗಿಂದಲೇ ಗದರಿದರು. ‘ಹೊರಗ ಯಾಕ ನಿಂತೀರಿ? ಕೈಕಾಲು ತೊಳಕೊಂಡು ಒಳಗ ಬರ್ರಿ.’ ನನ್ನ ಪತ್ನಿಯ ಬುರ್ಖಾ ಹಿಡಿದು, ‘ಯವ್ವಾ, ಇದನ್ನ ತೆಗಿಯವ್ವಾ, ಸೆಕಿ ಆಗತೈತಿ. ಅಡಿಗಿ ಮನ್ಯಾಗ ಗಂಡಸ್ರು ಯಾರೂ ಬರಂಗಿಲ್ಲ’ ಎಂದರು. ಪರ್ದಾ ಎಂದರೇನೆಂದು ಆ ತಾಯಿಗೆ ಯಾರೂ ಉಪನ್ಯಾಸ ನೀಡಿರಲಿಲ್ಲ.

ಆಕೆ ಒಳಗೆ ಹೋದ ಒಂದು ಗಂಟೆಯಲ್ಲಿ ತಿಳಿದು ಬಂದಷ್ಟು ನಾನು ಹೊರಗೆ ಪಡಸಾಲೆಯಲ್ಲಿ ಕುಳಿತು ಎರಡು ದಿನದಲ್ಲಿ ತಿಳಿಯಲಿಲ್ಲ. ಜೋಳದ ಹಿಟ್ಟಿಗೆ ಗೋದಿಯ ಅಂಟು ಇಲ್ಲದಿರುವುದರಿಂದ ಕುದಿಯುವ ನೀರು ಹಾಕಿ ನಾದಬೇಕು, ಲಟ್ಟಿಸಲಾಗದು, ಅಂಗೈಯಿಂದಲೇ ಬಡಿಯಬೇಕು, ಹೆಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಸವರಬೇಕು. ಒಣಗಿಸಿದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ಗುಳೆ ಹೋಗುವವರ ಗಂಟಿನಲ್ಲಿ ಮೊದಲು ಸೇರುವುದು ಅದು. ಈ ಮನೆಯ ಸೊಸೆಯ ಹಿರಿಯ ಮಗ ಹುಟ್ಟಿದ್ದು ಮಂಗಳೂರಿನ ಒಂದು ಕಟ್ಟಡದ ಶೆಡ್ಡಿನಲ್ಲಿ. ಹೆರಿಗೆಯ ರಾತ್ರಿ ಬಿಸಿನೀರು ಕೇಳಲು ಯಾವ ಮನೆಯ ಬಾಗಿಲು ಬಡಿಯಬೇಕೆಂದು ತಿಳಿಯದೆ ಇಟ್ಟಿಗೆ ಒಲೆಯಲ್ಲೇ ಕಾಯಿಸಿಕೊಂಡರಂತೆ. ಇದನ್ನು ನನಗೆ ಹೇಳುವಾಗ ಪತ್ನಿಯ ಧ್ವನಿ ನಡುಗುತ್ತಿತ್ತು.

ಹೊರಗೆ ನಾನು ನಮಾಝಿಗೆ ಜಾಗ ಕೇಳಿದೆ. ಆ ತಾಯಿ ಒಗೆದ ಕೌದಿಯೊಂದನ್ನು ತಂದು ಪಶ್ಚಿಮಕ್ಕೆ ಸರಿಯಾಗಿ ಹಾಸಿದರು. ದಿಕ್ಕು ಹೇಗೆ ತಿಳಿಯಿತೆಂದು ಕೇಳಿದಾಗ, ಈ ಕೌದಿಯ ಅರಳೆ ಹಿಂಜಿದ್ದ ಪಿಂಜಾರರ ಮುದುಕ ಪಡುವಣಕ್ಕೇ ಮುಖ ಮಾಡಿ ಬಾಗುತ್ತಿದ್ದನೆಂದು ಹೇಳಿದರು. ಪಿಂಜಾರರು, ನದಾಫರು ಈ ಭಾಗದ ಊರೂರಿನಲ್ಲೂ ಇದ್ದಾರೆ. ಮನೆಮಾತು ಹೆಚ್ಚಾಗಿ ಕನ್ನಡ. ಸರಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿರುವವರು. ಉರ್ದು ಬಾರದ ಇವರನ್ನು ಅರ್ಧ ಮುಸ್ಲಿಮರೆಂದು ಮೂಗು ಮುರಿಯುವ ಚಾಳಿ ನಮ್ಮೊಳಗೇ ಇದೆ. ಅವರು ಯಾವ ಕಡೆ ಮುಖ ಮಾಡಿ ನಿಲ್ಲುತ್ತಾರೆಂಬುದು ನೆರೆಮನೆಯ ಹಿಂದೂ ತಾಯಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಇನ್ನು ನನ್ನ ಅವಿವೇಕದ ಕತೆ. ಅದು ಮೊಹರಮ್‌ನ ದಿನಗಳು. ಆ ಹಳ್ಳಿಯಲ್ಲಿ ಅಲಾಯಿ ಹಬ್ಬ. ಮುಸ್ಲಿಮರ ಮನೆ ನಾಲ್ಕೈದು ಮಾತ್ರ, ಹಬ್ಬ ಇಡೀ ಊರಿನದು. ಪಂಜಾಗಳನ್ನು ಕೂರಿಸುವುದು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದು ಇತ್ಯಾದಿ ಆಚರಣೆಗಳನ್ನು ನಾನು ಒಪ್ಪುವವನಲ್ಲ. ಇಂದಿಗೂ ಒಪ್ಪುವುದಿಲ್ಲ, ಇಲ್ಲಿ ಅದನ್ನು ಸಮರ್ಥಿಸುತ್ತಲೂ ಇಲ್ಲ. ನಾನು ಆ ದಿನ ಉಪವಾಸವಿದ್ದೆ. ಸೂರ್ಯಾಸ್ತವಾಗುವವರೆಗೆ ಕಾದು ಆ ಮನೆಯವರೇ ಖರ್ಜೂರ, ಬೆಲ್ಲದ ಪಾನಕ ತಂದಿಟ್ಟರು. ರಾತ್ರಿ ಪಡಸಾಲೆಯಲ್ಲಿ ಗೆಳೆಯರ ಚಿಕ್ಕಪ್ಪ, ಎಪ್ಪತ್ತು ದಾಟಿದ ರೈತ, ಕರ್ಬಲಾದ ಪದ ಹಾಡಿದರು. ಹಸನ್, ಹುಸೈನ್, ಯಝೀದ್ ಎಲ್ಲರೂ ಕನ್ನಡ ಮಾತಾಡುತ್ತಿದ್ದರು. ಅರಬಿಯ ‘ಕತ್ಲ್’ ಎಂಬ ಪದ ಇವರ ಬಾಯಲ್ಲಿ ‘ಕತ್ತಲ ರಾತ್ರಿ’ಯಾಗಿತ್ತು. ಹಾಡಿನಲ್ಲಿ ಹುಸೈನರ ವಯಸ್ಸು, ಮದುವೆ, ಯುದ್ಧದ ಕ್ರಮ ಯಾವುದೂ ಇತಿಹಾಸಕ್ಕೆ ಹೊಂದುತ್ತಿರಲಿಲ್ಲ. ನಾನು ತಡೆಯಲಾರದೆ ನಡುವೆಯೇ ಬಾಯಿ ಹಾಕಿದೆ. ಹಿಜರಿ 61ರಲ್ಲಿ ನಡೆದದ್ದು ಹೀಗಲ್ಲ, ಹೀಗೆ ಎಂದು ವಿವರಿಸಿದೆ. ಪಡಸಾಲೆ ಸ್ತಬ್ಧವಾಯಿತು.

ಹಿರಿಯರು ಪೂರ್ತಿ ಕೇಳಿಸಿಕೊಂಡರು. ಬಳಿಕ ಮೆಲ್ಲಗೆ ಹೇಳಿದರು. ‘ಇರಬೌದ್ರಿ ಸಾಬ್ರ, ನೀವು ಓದಿದವ್ರು. ಆದ್ರ ಹೊಳಿ ದಂಡ್ಯಾಗಿದ್ರೂ ನೀರು ಕೊಡಲಿಲ್ಲಲ್ರೀ. ಅದು ಖರೇ ಹೌದಲ್ಲ?’

ಹೌದು, ಅದು ಖರೆಯೇ. ಯೂಫ್ರೆಟಿಸ್ ನದಿಯ ಬಳಿಯಲ್ಲೇ ನೀರು ತಡೆಯಲಾಗಿತ್ತು. ಜಿಲ್ಲೆಯ ಒಂದಂಚಿನಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ ತನ್ನ ಹೊಲ ಒಣಗುವುದನ್ನು ಐವತ್ತು ವರ್ಷ ಕಂಡ ಮನುಷ್ಯ ಆ ಕತೆಯಲ್ಲಿ ಯಾವುದನ್ನು ಎದೆಗಿಳಿಸಿಕೊಂಡಿದ್ದನೋ ಅದನ್ನು ನಾನು ಹತ್ತು ವರ್ಷದ ವ್ಯಾಸಂಗದಲ್ಲಿ ದಿನಾಂಕಗಳ ನಡುವೆ ಕಳೆದುಕೊಂಡಿದ್ದೆ. ತಿದ್ದುವ ಮೊದಲು ಕೇಳಬೇಕಿತ್ತು. ಮರುದಿನ ಬೆಳಿಗ್ಗೆ ಕ್ಷಮೆ ಯಾಚಿಸಿದೆ. ‘ಅದರಾಗೇನೈತಿ, ಚಾ ಕುಡೀರಿ’ ಎಂದವರು ನಾನು ಅಂದೂ ಉಪವಾಸ ಎಂಬುದನ್ನು ನೆನಪಿಸಿಕೊಂಡು ತಾವೇ ಲೋಟ ಕೆಳಗಿಟ್ಟರು.

ಈ ಸೀಮೆಯ ಮಾತನ್ನು ನಮ್ಮ ಕಡೆ ಸಿನಿಮಾ ಹಾಸ್ಯಕ್ಕೆ ಮೀಸಲಿಟ್ಟಿದ್ದೇವೆ. 9ನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡೆಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಈ ಕೊಪ್ಪಳವೂ ಒಂದು. ಬಿ.ಎ. ತರಗತಿಯಲ್ಲಿ ಇದನ್ನು ಬರೆದು ಅಂಕ ಗಳಿಸಿದ್ದೆ.

ಅಲ್ಲಿಂದ ಗಂಗಾವತಿ, ಆನೆಗುಂದಿ. ಇಲ್ಲಿ ಚಿತ್ರ ಬೇರೆ. ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ವಿದೇಶಿ ಪ್ರವಾಸಿಗಳ ಬೀಡಿತ್ತು. ಹೀಬ್ರೂ ಭಾಷೆಯ ಫಲಕಗಳೂ ಇದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್ ಅಲ್ಲಿನ ಅನಧಿಕೃತ ರೆಸಾರ್ಟುಗಳ ವಿರುದ್ಧದ ಆದೇಶವನ್ನು ಎತ್ತಿ ಹಿಡಿಯಿತು, ಮಾರ್ಚ್‌ನಲ್ಲಿ ಅವು ನೆಲಸಮವಾದವು. ಅಷ್ಟು ವರ್ಷ ಅಷ್ಟು ಜನ ಬಂದು ಹೋದರೂ ಬಂದವರಿಗೂ ಊರವರಿಗೂ ನಡುವೆ ಉಳಿದದ್ದು ಬಹುತೇಕ ಬಾಡಿಗೆಯ ಲೆಕ್ಕ. ಬೇರೆ ಬಗೆಯೂ ಸಾಧ್ಯವೆಂಬುದಕ್ಕೆ ಆನೆಗುಂದಿಯಲ್ಲೇ ಉದಾಹರಣೆಯಿದೆ. ಶಮಾ ಪವಾರ್ ಅವರ ಕಿಷ್ಕಿಂದಾ ಟ್ರಸ್ಟ್ 1990ರ ದಶಕದ ಕೊನೆಯಿಂದ ಅಲ್ಲಿನ ಮಹಿಳೆಯರೊಡನೆ ಬಾಳೆನಾರಿನ ಕರಕುಶಲ ಕೆಲಸ ನಡೆಸಿಕೊಂಡು ಬಂದಿದೆ. ಅಲ್ಲಿ ಒಂದು ಚೀಲ ಕೊಳ್ಳುವವನು ಅದನ್ನು ಹೆಣೆದವಳ ಎದುರು ಕುಳಿತು ಮಾತಾಡಬಹುದು.

ಇದು ಭೋಳೆತನದ ಮಾತಲ್ಲವೇ ಎಂದು ಕೆಲವರು ಕೇಳಬಹುದು. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಬಳಿ ಕಾಲುವೆಯ ದಡದಲ್ಲಿ ಇಸ್ರೇಲಿನ ಪ್ರವಾಸಿ ಮಹಿಳೆ ಹಾಗೂ ಅವರ ಆತಿಥೇಯರಾಗಿದ್ದ ಹೋಮ್‌ಸ್ಟೇ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ನೀರಿಗೆ ತಳ್ಳಲ್ಪಟ್ಟವರಲ್ಲಿ ಒಡಿಶಾದ ಯುವಕ ಪ್ರಾಣ ಕಳೆದುಕೊಂಡರು. 2022ರ ಆಗಸ್ಟ್‌ನಲ್ಲಿ ಕನಕಗಿರಿ ತಾಲ್ಲೂಕಿನ ಹುಲಿಹೈದರದಲ್ಲಿ ಎರಡು ಸಮುದಾಯಗಳ ಗುಂಪುಗಳು ಬಡಿದಾಡಿ ಎರಡೂ ಕಡೆಯ ಒಬ್ಬೊಬ್ಬರು ಸತ್ತರು. ಇದೇ ನೆಲದಲ್ಲಿ, ಅಲಾಯಿ ಹಬ್ಬ ಮುಗಿದ ವಾರದಲ್ಲೇ. ಆದುದರಿಂದ ಒಟ್ಟಿಗೆ ಹಾಡಿದ ಮಾತ್ರಕ್ಕೆ ಊರು ಸುರಕ್ಷಿತವಾಗುತ್ತದೆಂದು ನಾನು ಹೇಳಲಾರೆ. ಎಚ್ಚರ ಬೇಕು. ರಾತ್ರಿ ನಿರ್ಜನ ಕಾಲುವೆಯ ಬಳಿ ಕೂರದಿರುವುದು, ಮಹಿಳೆಯರಿದ್ದರೆ ತಂಗುವ ಜಾಗವನ್ನು ಮೊದಲೇ ವಿಚಾರಿಸುವುದು ಇವೆಲ್ಲ ಬೇಕೇ ಬೇಕು. ಆದರೆ ಸಣಾಪುರದಲ್ಲಿ ದಾಳಿಗೆ ಒಳಗಾದವರಲ್ಲಿ ಅತಿಥಿಯೂ ಇದ್ದರು, ಆತಿಥೇಯರೂ ಇದ್ದರು ಎಂಬುದನ್ನು ಮರೆತು ‘ಆ ಊರಿನವರೇ ಹಾಗೆ’ ಎನ್ನುವವರ ಸಾಲಿಗೆ ನಾವು ಸೇರಬಾರದು. ನಮ್ಮ ಬಗ್ಗೆ ಜನ ಹೀಗೆಯೇ ಒಂದು ವಾಕ್ಯದಲ್ಲಿ ತೀರ್ಪು ಕೊಟ್ಟಾಗ ನಮಗೆಷ್ಟು ನೋವಾಗುತ್ತದೆ?

ಹಲಾಲಿನ ಆತಂಕವೂ ಸಹಜ. ಆದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು ಇವುಗಳಲ್ಲಿ ಅನುಮಾನಕ್ಕೆ ಎಡೆಯೆಲ್ಲಿ? ನಾಲ್ಕು ದಿನ ಮಾಂಸ ತಿನ್ನದಿದ್ದರೆ ನಮಗೇನೂ ಆಗದು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಹರಿದು ಬರುತ್ತದೆ. ಲಕ್ಷಾಂತರ ಜನ ಉಣ್ಣುತ್ತಾರೆ, ಯಾರೆಂದು ಯಾರೂ ಕೇಳುವುದಿಲ್ಲ. ಅಷ್ಟು ಮಂದಿಗೆ ಊಟ ಹಾಕುವ ಸಂಘಟನೆಯನ್ನು ನಮ್ಮ ಇಜ್ತಿಮಾಗಳ ವ್ಯವಸ್ಥಾಪಕರು ಒಮ್ಮೆ ಹೋಗಿ ನೋಡಿ ಬರಬಹುದು, ಕಲಿಯಲು ಸಾಕಷ್ಟಿದೆ.

ಕಿನ್ನಾಳಕ್ಕೆ ಕೊನೆಯ ದಿನ ಹೋದೆವು. ಚಿತ್ರಗಾರರ ಮನೆಯಲ್ಲಿ ಹಗುರವಾದ ಮರ, ಮರದ ಹೊಟ್ಟು, ಹುಣಸೆಬೀಜದ ಅಂಟು ಬಳಸಿ ಬೊಂಬೆ ಮಾಡುವ ಬಗೆಯನ್ನು ಒಬ್ಬರು ತಾಳ್ಮೆಯಿಂದ ತೋರಿಸಿದರು. ದೇವರ ಮೂರ್ತಿಗಳನ್ನು ನಾವು ಕೊಳ್ಳುವವರಲ್ಲ ಎಂಬುದನ್ನು ನಾವು ಬಾಯಿಬಿಡುವ ಮೊದಲೇ ಅರಿತು, ಬಣ್ಣ ಹಚ್ಚಿದ ಹಣ್ಣುಗಳ ಬುಟ್ಟಿಯನ್ನು ಮುಂದಿಟ್ಟರು. ಅದು ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಇಟಗಿಯ ದೇವಾಲಯಕ್ಕೆ ಹೋಗಲು ಸಮಯ ಉಳಿಯಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ದೂರವಾಣಿ ಬಂತು. ‘ಸಾಬ್ರ, ಬಂದೀನ್ರಿ. ಹೆಂಡ್ತಿ, ಹುಡುಗರೂ ಬಂದಾರ.’ ಕೆಲಸ ಎಲ್ಲಿ ಎಂದು ಕೇಳಿದೆ. ಅವರು ಹೇಳಿದ ಕಟ್ಟಡ ನಮ್ಮ ಮನೆಯಿಂದ ಮೂರು ಬೀದಿಯಾಚೆ. ನಾನು ಪ್ರತಿದಿನ ಅದರ ಮುಂದೆಯೇ ಕಚೇರಿಗೆ ಹೋಗುತ್ತೇನೆ. ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಗೆ ಬರುವುದೆಂದು ನಿಶ್ಚಯವಾಯಿತು. ನಮ್ಮ ಬೀದಿಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲ. ಯಾವ ಮಾರುಕಟ್ಟೆಯಲ್ಲಿ ಸಿಗುತ್ತದೆಂದು ಪತ್ನಿ ಅವರ ಮನೆಯಾಕೆಯನ್ನೇ ಕೇಳಿ ತಿಳಿದುಕೊಂಡಳು.